ರಿಪೇರಿಯಾಗಿ ಬಂದ ಫೋನ್ ಯಾಕೆ ಸರಿಯಿಲ್ಲ? ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಡಿಸ್‌ಪ್ಲೇ ಹಾಕಿಸಿದ ಮರುದಿನ ಮೈಕ್ ಹೋಗಿರುತ್ತದೆ. ಬ್ಯಾಟರಿ ಬದಲಿಸಿದ ವಾರಕ್ಕೆ ನೆಟ್‌ವರ್ಕ್ ಬೀಳತೊಡಗುತ್ತದೆ. ಹುಬ್ಬಳ್ಳಿಯ ಕೊಪ್ಪೀಕರ್ ರಸ್ತೆಯಿಂದ ಹಿಡಿದು ಹಾವೇರಿ, ಗದಗಿನ ಸಣ್ಣ ಅಂಗಡಿಗಳವರೆಗೆ ಕೌಂಟರಿನ ಮುಂದೆ ನಡೆಯುವ ಜಗಳ ಒಂದೇ. ಗಿರಾಕಿ “ನೀವು ಬಿಚ್ಚೂಕಿಂತ ಮೊದ್ಲ ಚಲೋನ ಇತ್ರಿ” ಅನ್ನುತ್ತಾರೆ, ಅಂಗಡಿಯವರು “ನಾವು ಅದನ್ನ ಮುಟ್ಟೇ ಇಲ್ರಿ” ಅನ್ನುತ್ತಾರೆ. ಎಷ್ಟೋ ಸಲ ಇಬ್ಬರ ಮಾತೂ ಖರೆ ಇರುತ್ತದೆ.

ರಿಪೇರಿಯ ನಂತರ ಕಾಣಿಸುವ ತಕರಾರಿಗೆ ನಾಲ್ಕು ಮೂಲ ಇರಬಹುದು. ಮೊದಲೇ ಇದ್ದ ದೋಷ ಈಗ ಕಣ್ಣಿಗೆ ಬಿದ್ದಿರಬಹುದು. ಹಾಕಿದ ಪಾರ್ಟ್ ಕಳಪೆ ಇರಬಹುದು. ಪಾರ್ಟ್ ಚಲೋ ಇದ್ದು ಕೂಡಿಸಿದವರ ಕೈ ಅವಸರದ್ದಾಗಿರಬಹುದು. ಇಲ್ಲವೇ ಬೇಕೆಂದೇ ಏನೋ ಮಾಡಿರಬಹುದು. ಇವುಗಳಲ್ಲಿ ಹೆಚ್ಚಾಗಿ ಕಾಣುವುದು ಎರಡನೆಯದು ಮತ್ತು ಮೂರನೆಯದು. ಮೂರನೆಯದಾದರೆ ಅದೇ ಅಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಹಾಗಾಗಿ “ಮೋಸ ಮಾಡ್ಯಾರ” ಅನ್ನುವ ಮೊದಲು ಲಕ್ಷಣ ಏನು ಹೇಳುತ್ತದೆ ಎಂದು ನೋಡಿ.

ಶುರು ಮಾಡುವ ಮೊದಲು ಒಂದು ಮಾತು. ಫೋನನ್ನು ನೀವು ಬಿಚ್ಚಬೇಡಿ, ಬೇರೆ ಅಂಗಡಿಯಲ್ಲಿ ಬಿಚ್ಚಿಸಲೂ ಬೇಡಿ. ಎರಡನೆಯವರು ಸ್ಕ್ರೂ ತೆಗೆದ ಕ್ಷಣದಿಂದ ಮೊದಲನೆಯವರ ಹೊಣೆ ಮುಗಿಯಿತು, ಆಮೇಲೆ ಯಾರ ತಪ್ಪೆಂದು ಸಾಧಿಸಲು ಆಗುವುದಿಲ್ಲ. ಕೆಳಗಿನ ಪರೀಕ್ಷೆಗಳಲ್ಲಿ ಯಾವುದಕ್ಕೂ ಬಿಚ್ಚುವ ಅಗತ್ಯವಿಲ್ಲ. ದೋಷ ಕಾಣಿಸಿದಾಗಲೆಲ್ಲ ಮನೆಯ ಇನ್ನೊಂದು ಫೋನಿನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿಟ್ಟುಕೊಳ್ಳಿ. ಬಂದು ಹೋಗುವ ದೋಷ ಅಂಗಡಿಯವರ ಮುಂದೆ ಬರುವುದೇ ಇಲ್ಲ.

ಹೊಸ ಡಿಸ್‌ಪ್ಲೇ: ಬಣ್ಣ ಮಂಕು, ಕಪ್ಪು ಬೂದಿಯಂತೆ

ಕಾಸು ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡಿ. ಪೂರ್ತಿ ಕಪ್ಪು ಬಣ್ಣದ ಚಿತ್ರವೊಂದನ್ನು ತೆರೆದು, ಬೆಳಕನ್ನು ಗರಿಷ್ಠಕ್ಕೆ ಇಟ್ಟು, ಕತ್ತಲ ಕೋಣೆಗೆ ಹೋಗಿ. ನಿಮ್ಮ ಫೋನ್ ಅಮೋಲೆಡ್ ಪರದೆಯದ್ದಾಗಿದ್ದರೆ ಪರದೆ ಆರಿದಂತೆ ಪೂರ್ತಿ ಕಪ್ಪಾಗಿ ಕಾಣಬೇಕು, ಏಕೆಂದರೆ ಅಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಕಪ್ಪೆಂದರೆ ಆರಿದ ಚುಕ್ಕೆ. ಬೂದಿ ಬಣ್ಣದ ಮಂದ ಬೆಳಕು, ಅದರಲ್ಲೂ ಅಂಚಿನಲ್ಲಿ, ಕಂಡರೆ ಹಾಕಿರುವುದು ಹಿಂಬದಿ ದೀಪದ ಎಲ್‌ಸಿಡಿ. ಮಾರುಕಟ್ಟೆಯಲ್ಲಿ ಇದನ್ನು ಇನ್‌ಸೆಲ್ ಕಾಂಬೊ ಅನ್ನುತ್ತಾರೆ. ಬೆಲೆ ಬಹಳ ಕಡಿಮೆ. ಅದನ್ನು ಹಾಕುವುದು ತಪ್ಪಲ್ಲ, ಹೇಳದೆ ಹಾಕಿ ಅಮೋಲೆಡ್‌ನ ರೊಕ್ಕ ತಗೊಂಡರೆ ತಪ್ಪು. ಇನ್‌ಸೆಲ್ ಪರದೆ ತುಸು ದಪ್ಪ, ಕೆಳಗಿನ ಅಂಚು ಅಗಲ, ಫ್ರೇಮಿನಿಂದ ಕೂದಲೆಳೆ ಮೇಲೆದ್ದಿರುತ್ತದೆ. ಕಪ್ಪು ಹಿನ್ನೆಲೆಯಲ್ಲೂ ಹಿಂಬದಿ ದೀಪ ಉರಿಯುವುದರಿಂದ ಬ್ಯಾಟರಿಯೂ ಬೇಗ ಇಳಿಯುತ್ತದೆ. ನಿಮ್ಮ ಮಾದರಿ ಮೂಲದಲ್ಲೇ ಎಲ್‌ಸಿಡಿಯದ್ದಾದರೆ ಈ ಪರೀಕ್ಷೆ ನಡೆಯುವುದಿಲ್ಲ. ಫೋನಿನ ಡಬ್ಬಿಯ ಮೇಲೋ ಕಂಪನಿಯ ವೆಬ್‌ಸೈಟಿನಲ್ಲೋ ಮೊದಲು ನೋಡಿಕೊಳ್ಳಿ.

ಪರದೆಯೊಳಗಿನ ಫಿಂಗರ್‌ಪ್ರಿಂಟ್ ನಿಂತುಹೋದರೆ ಅಷ್ಟರಿಂದಲೇ ತೀರ್ಮಾನಕ್ಕೆ ಬರಬೇಡಿ. ಎಲ್‌ಸಿಡಿ ಕಾಪಿ ಹಾಕಿದರೆ ಅದು ಕೆಲಸ ಮಾಡುವುದೇ ಇಲ್ಲ, ಅದು ಸರಿ. ಆದರೆ ಅಸಲಿ ಪರದೆ ಹಾಕಿದರೂ ಸೆನ್ಸರನ್ನು ಮತ್ತೆ ಹೊಂದಿಸದಿದ್ದರೆ ಬೆರಳು ಗುರುತಿಸುವುದಿಲ್ಲ. ದಪ್ಪ ಟೆಂಪರ್ಡ್ ಗ್ಲಾಸ್ ಅಂಟಿಸಿದರೂ ಅದೇ ಗತಿ. ಗ್ಲಾಸ್ ತೆಗೆದು, ಹಳೆಯ ಬೆರಳಚ್ಚುಗಳನ್ನು ಅಳಿಸಿ, ಹೊಸದಾಗಿ ಸೇರಿಸಿ ನೋಡಿ. ಸೇರಿಸುವಾಗಲೇ ಮುಂದೆ ಹೋಗದಿದ್ದರೆ ಸೆನ್ಸರ್ ಹೊಂದಿಸಬೇಕು ಎಂದು ಕೇಳಿ. ಪಕ್ಕದ ಪವರ್ ಬಟನ್‌ನಲ್ಲಿ ಫಿಂಗರ್‌ಪ್ರಿಂಟ್ ಇರುವ ಫೋನಿಗೂ ಪರದೆಗೂ ಸಂಬಂಧವಿಲ್ಲ. ಅದು ಹೋದರೆ ಒಳಗಿನ ಸಣ್ಣ ಫ್ಲೆಕ್ಸ್ ಕೇಬಲ್ ಹರಿದಿದೆ ಅಥವಾ ಕನೆಕ್ಟರ್ ಕೂತಿಲ್ಲ.

ಐಫೋನಿನಲ್ಲಿ ಪರಿಶೀಲನೆ ಸುಲಭ. ಐಒಎಸ್ 15.2ರ ನಂತರದ ಆವೃತ್ತಿಗಳಲ್ಲಿ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಪಾರ್ಟ್ಸ್ ಅಂಡ್ ಸರ್ವಿಸ್ ಹಿಸ್ಟರಿ ಎಂಬ ವಿಭಾಗ ಬರುತ್ತದೆ. ಯಾವ ಭಾಗ ಬದಲಾಗಿದೆ, ಅದು ಅಸಲಿಯೋ ಗುರುತಿಲ್ಲದ್ದೋ ಎಂದು ಅಲ್ಲೇ ಬರೆದಿರುತ್ತದೆ. ಯಾವ ಮಾದರಿಯಲ್ಲಿ ಯಾವ ಭಾಗ ತೋರಿಸುತ್ತದೆ ಎಂಬುದು ಬೇರೆ ಬೇರೆ. ಸುತ್ತಲಿನ ಬೆಳಕಿಗೆ ತಕ್ಕಂತೆ ಪರದೆಯ ಬಣ್ಣ ಹೊಂದಿಸುವ ಟ್ರೂ ಟೋನ್ ಗುಂಡಿ ಮಾಯವಾಗಿದ್ದರೆ ಹಳೆಯ ಪರದೆಯ ಮಾಹಿತಿಯನ್ನು ಹೊಸದಕ್ಕೆ ವರ್ಗಾಯಿಸಿಲ್ಲ. ಮುಖ ನೋಡಿ ಲಾಕ್ ತೆಗೆಯುವ ಫೇಸ್ ಐಡಿ ಹೋಗಿದ್ದರೆ ವಿಷಯ ಗಂಭೀರ. ಮುಂಭಾಗದ ಆ ಸೆನ್ಸರ್‌ಗಳು ಆಯಾ ಫೋನಿನ ಬೋರ್ಡಿಗೇ ಜೋಡಿಯಾಗಿರುತ್ತವೆ, ಪರದೆ ಎತ್ತುವಾಗ ಹರಿದರೆ ಬೇರೆ ಫೋನಿನದು ತಂದು ಹಾಕಿದರೂ ಹಲವು ಮಾದರಿಗಳಲ್ಲಿ ನಡೆಯುವುದಿಲ್ಲ.

ಟಚ್ ತಾನೇ ಒತ್ತಿಕೊಳ್ಳುತ್ತದೆ, ಒಂದು ಪಟ್ಟಿಯಲ್ಲಿ ಕೇಳುವುದಿಲ್ಲ

ಮೊದಲು ಚಾರ್ಜರ್ ತೆಗೆಯಿರಿ. ಚಾರ್ಜಿಗೆ ಹಚ್ಚಿದಾಗ ಮಾತ್ರ ಟಚ್ ಕುಣಿದರೆ ತಪ್ಪು ಅಗ್ಗದ ಚಾರ್ಜರಿನದು, ಡಿಸ್‌ಪ್ಲೇಯದ್ದಲ್ಲ. ಆಮೇಲೆ ಟೆಂಪರ್ಡ್ ಗ್ಲಾಸ್ ಮತ್ತು ಪೌಚ್ ತೆಗೆದು ನೋಡಿ. ಆಗಲೂ ಹಾಗೇ ಇದ್ದರೆ ಪರೀಕ್ಷಾ ಮೆನು ತೆರೆಯಿರಿ: ಸ್ಯಾಮ್‌ಸಂಗ್‌ನಲ್ಲಿ ಕರೆ ಮಾಡುವ ಜಾಗದಲ್ಲಿ *#0*#, ಶಓಮಿ ಮತ್ತು ರೆಡ್ಮಿಯಲ್ಲಿ *#*#6484#*#*, ಒಪ್ಪೊ ಮತ್ತು ರಿಯಲ್‌ಮಿಯ ಹಲವು ಮಾದರಿಗಳಲ್ಲಿ *#899#. ಅಲ್ಲಿ ಟಚ್ ಪರೀಕ್ಷೆ ಬಿಟ್ಟು ಬೇರೆ ಏನನ್ನೂ ಒತ್ತಬೇಡಿ. ಕೆಲವು ಮೆನುಗಳಲ್ಲಿ ಫೋನ್ ಅಳಿಸುವ ಆಯ್ಕೆಯೂ ಇರುತ್ತದೆ.

ಬೆರಳು ಎಳೆದಾಗ ಮೇಲಿಂದ ಕೆಳಗೆ ಅಥವಾ ಅಡ್ಡಲಾಗಿ ನೇರ ಪಟ್ಟಿಯೊಂದು ಖಾಲಿ ಉಳಿದರೆ ಪ್ಯಾನೆಲ್ಲೇ ದೋಷದ್ದು, ಬದಲಿಸಿಯೇ ಕೊಡಬೇಕು. ಎಲ್ಲ ಕಡೆ ಸರಿಯಿದ್ದು ಆಗಾಗ ಮಾತ್ರ ನಿಂತರೆ ಕನೆಕ್ಟರ್ ಪೂರ್ತಿ ಒತ್ತಿ ಕೂತಿಲ್ಲ, ಅಥವಾ ಅದರ ಮೇಲಿನ ಲೋಹದ ಪಟ್ಟಿ ಹಾಕುವುದನ್ನು ಮರೆತಿದ್ದಾರೆ. ಇದು ಕೈಗೆಲಸದ ತಪ್ಪು, ಹೊಸ ಪಾರ್ಟಿಗೆ ರೊಕ್ಕ ಕೊಡುವ ಮಾತಿಲ್ಲ.

ಕರೆ ಬಂದಾಗ ಕಿವಿಗಿಟ್ಟರೂ ಪರದೆ ಆರುವುದಿಲ್ಲ, ಕೆನ್ನೆ ತಾಗಿ ಕರೆ ಕಟ್ಟಾಗುತ್ತದೆ ಎಂಬುದು ಇನ್ನೊಂದು ದೂರು. ಮೇಲಂಚಿನ ಪ್ರಾಕ್ಸಿಮಿಟಿ ಸೆನ್ಸರಿನ ಎದುರಿನ ಪುಟ್ಟ ಕಿಟಕಿಗೆ ಅಂಟು ಮೆತ್ತಿದರೆ, ಅಥವಾ ಹಳೆಯ ಪರದೆಯಲ್ಲಿದ್ದ ರಬ್ಬರ್ ಚೌಕಟ್ಟನ್ನು ಹೊಸದಕ್ಕೆ ಹಾಕದಿದ್ದರೆ ಹೀಗಾಗುತ್ತದೆ. ಸಣ್ಣ ಕೆಲಸ, ಪುಕ್ಕಟೆ ಮಾಡಿಕೊಡಬೇಕು.

ಅಂಚು ಎದ್ದಿದೆ

ಇದರಲ್ಲಿ ಒಂದು ನಿರಪಾಯಕಾರಿ, ಒಂದು ಅಪಾಯಕಾರಿ. ಬೇಗ ಬೇರೆ ಮಾಡಬೇಕು.

ಡಿಸ್‌ಪ್ಲೇ ಹಚ್ಚುವ ಅಂಟು ಪೂರ್ತಿ ಗಟ್ಟಿಯಾಗಲು ಸುಮಾರು 24ರಿಂದ 48 ಗಂಟೆ ಬೇಕು. ಆ ಹೊತ್ತಿನಲ್ಲಿ ಕ್ಲಿಪ್ ಅಥವಾ ರಬ್ಬರ್ ಬ್ಯಾಂಡ್ ಹಾಕಿ ಒತ್ತಿ ಇಡಬೇಕು. ಅರ್ಧ ಗಂಟೆಯಲ್ಲಿ ಕೊಟ್ಟುಕಳಿಸಿದರೆ ಮೂಲೆ ಏಳುತ್ತದೆ. ಇದು ಸಾಮಾನ್ಯವಾಗಿ ಒಂದು ಮೂಲೆಯಲ್ಲಿ, ಮೊದಲ ಒಂದೆರಡು ದಿನದಲ್ಲೇ ಕಾಣುತ್ತದೆ. ಮರಳಿ ಅಂಟಿಸಿದರೆ ಮುಗಿಯಿತು.

ಆದರೆ ದಿನ ಕಳೆದಂತೆ ಪರದೆ ಅಥವಾ ಹಿಂಬದಿಯ ಕವರ್ ನಡುವಿನಲ್ಲಿ ಉಬ್ಬುತ್ತಿದ್ದರೆ, ಫೋನನ್ನು ಟೇಬಲ್ ಮೇಲಿಟ್ಟಾಗ ತಿರುಗಿದರೆ, ಪರದೆಯ ನಡುವೆ ಬೆಳ್ಳಗಿನ ಕಲೆ ಮೂಡಿದರೆ ಒಳಗಿನ ಬ್ಯಾಟರಿ ಉಬ್ಬಿದೆ ಎಂದೇ ತಿಳಿಯಿರಿ. ಇಲ್ಲಿಗೆ ಎಲ್ಲ ಪರೀಕ್ಷೆಯನ್ನೂ ನಿಲ್ಲಿಸಿ. ಫೋನ್ ಆರಿಸಿ. ಚಾರ್ಜಿಗೆ ಹಚ್ಚಬೇಡಿ, ಒತ್ತಿ ಕೂರಿಸಬೇಡಿ, ಗಾಳಿ ಹೋಗಲೆಂದು ಚುಚ್ಚಬೇಡಿ. ಹಾಸಿಗೆ, ಕಿಟಕಿಯ ಪರದೆ, ಗ್ಯಾಸ್ ಸಿಲಿಂಡರಿನಿಂದ ದೂರ, ಕಡಪಾ ಕಲ್ಲಿನ ಮೇಲೋ ಟೈಲ್ಸ್ ಮೇಲೋ ಇಡಿ, ಬಿಸಿಲಲ್ಲಿ ಬೇಡ. ಅಂಗಡಿಗೆ ಒಯ್ಯುವಾಗ ಪ್ಯಾಂಟಿನ ಹಿಂದಿನ ಕಿಸೆಯಲ್ಲಿ ಇಟ್ಟುಕೊಂಡು ಬೈಕ್ ಹತ್ತಬೇಡಿ. ಹೊಗೆ ಬಂದರೆ ಹತ್ತಿರ ನಿಂತು ನೋಡಬೇಡಿ. ಆ ಹೊಗೆ ವಿಷ. ಕೋಣೆಯಿಂದ ಎಲ್ಲರನ್ನೂ ಹೊರಗೆ ಕರೆದು 112ಕ್ಕೆ ಕರೆ ಮಾಡಿ. ಹಳೆಯ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕುವುದಲ್ಲ, ಅಂಗಡಿಯಲ್ಲೇ ಬಿಡಿ ಅಥವಾ ಇ-ತ್ಯಾಜ್ಯ ತಗೊಳ್ಳುವವರಿಗೆ ಕೊಡಿ.

ಹೊಸ ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ

ಮೊದಲ ಎರಡು ಮೂರು ದಿನ ಶೇಕಡಾವಾರು ಲೆಕ್ಕ ತಪ್ಪುವುದು ಸಹಜ. ಫೋನಿಗೆ ಹೊಸ ಬ್ಯಾಟರಿಯ ಅಂದಾಜು ಇರುವುದಿಲ್ಲ. 30ರಿಂದ ಒಮ್ಮೆಲೇ 5ಕ್ಕೆ ಬೀಳುವುದು, 20ರಲ್ಲಿ ಆರಿಹೋಗುವುದು ಒಂದೆರಡು ಸಲ ಪೂರ್ತಿ ತುಂಬಿಸಿ ಪೂರ್ತಿ ಇಳಿಸಿದ ಮೇಲೆ ನಿಲ್ಲಬೇಕು. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗದಲ್ಲಿ ಯಾವ ಆ್ಯಪ್ ತಿನ್ನುತ್ತಿದೆ ಎಂದೂ ನೋಡಿ. ನೆಟ್‌ವರ್ಕ್ ಸಿಗದ ಹಳ್ಳಿಯಲ್ಲಿ ಸಿಗ್ನಲ್ ಹುಡುಕುತ್ತಲೇ ಬ್ಯಾಟರಿ ಅರ್ಧ ಮುಗಿಯುತ್ತದೆ. ರಾತ್ರಿ ಏರೋಪ್ಲೇನ್ ಮೋಡ್‌ನಲ್ಲಿಟ್ಟು ಬೆಳಗ್ಗೆ ಎಷ್ಟು ಇಳಿದಿದೆ ನೋಡಿದರೆ ಇದು ಬೇರೆಯಾಗುತ್ತದೆ. ಎಂಟು ತಾಸಿಗೆ 3–5 ಶೇಕಡಾ ಇಳಿದರೆ ಸರಿ. 15–20 ಇಳಿದರೆ ಬ್ಯಾಟರಿ ಕಳಪೆ, ಅಥವಾ ಬೋರ್ಡಿನಲ್ಲೆಲ್ಲೋ ಕರೆಂಟ್ ಸೋರುತ್ತಿದೆ.

ಸ್ಟಿಕ್ಕರ್ ಮೇಲೆ 5000 ಎಂಎಎಚ್ ಎಂದಿದೆ, ಒಳಗೆ ಅಷ್ಟಿದೆಯೇ? ಅಳೆಯಬಹುದು. ಚಾರ್ಜರ್ ಮತ್ತು ಕೇಬಲ್ ನಡುವೆ ಹಾಕುವ ಪುಟ್ಟ ಯುಎಸ್‌ಬಿ ಮೀಟರ್ ಆನ್‌ಲೈನಿನಲ್ಲೂ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ. ಫೋನ್ ತಾನೇ ಆರುವವರೆಗೆ ಬಳಸಿ, ಮೀಟರನ್ನು ಸೊನ್ನೆಗೆ ತಂದು, ಆರಿದ ಸ್ಥಿತಿಯಲ್ಲೇ ನೂರಕ್ಕೆ ತುಂಬಿಸಿ. 5000 ಎಂಎಎಚ್‌ನ ಬ್ಯಾಟರಿಯೆಂದರೆ ಸುಮಾರು 3.85 ವೋಲ್ಟಿನಲ್ಲಿ 19 ವ್ಯಾಟ್-ಅವರ್. ದಾರಿಯಲ್ಲಿ ಬಿಸಿಯಾಗಿ ಹೋಗುವುದನ್ನು ಸೇರಿಸಿ ಮೀಟರ್ 21ರಿಂದ 23 ತೋರಿಸಬೇಕು. 12–13ಕ್ಕೇ ಚಾರ್ಜ್ ತುಂಬಿತೆಂದರೆ ನಿಮಗೆ ಸಿಕ್ಕಿದ್ದು 3000ದ ಆಸುಪಾಸಿನ ಬ್ಯಾಟರಿ. ಮೀಟರಿನ ಎಂಎಎಚ್ ಅಂಕಿಯನ್ನು ಬ್ಯಾಟರಿಯ ಎಂಎಎಚ್ ಜೊತೆ ನೇರ ಹೋಲಿಸಬೇಡಿ. ಮೀಟರ್ 5 ವೋಲ್ಟಿನಲ್ಲಿ ಎಣಿಸುತ್ತದೆ, ಫಾಸ್ಟ್ ಚಾರ್ಜರಿನಲ್ಲಿ 9 ವೋಲ್ಟಿನಲ್ಲೂ ಎಣಿಸಬಹುದು. ವ್ಯಾಟ್-ಅವರ್ ಅಂಕಿಯೇ ನಂಬಿಕೆಯದ್ದು.

ಚಾರ್ಜ್ ನಿಧಾನ, ಕೇಬಲ್ ಅಲುಗಿಸಿದರೆ ಮಾತ್ರ ಏರುತ್ತದೆ

ಕೇಬಲ್ ಬದಲಿಸಿ, ಚಾರ್ಜರ್ ಬದಲಿಸಿ, ಪ್ಲಗ್ ಪಾಯಿಂಟ್ ಬದಲಿಸಿ, ಇದೇ ಕ್ರಮದಲ್ಲಿ. ಆಮೇಲೆ ಟಾರ್ಚ್ ಹಾಕಿ ಚಾರ್ಜಿಂಗ್ ಪಿನ್ ಒಳಗೆ ನೋಡಿ. ಬೆಟಗೇರಿಯ ಮಗ್ಗದ ಮನೆಗಳ ನೂಲಿನ ಪುಡಿ, ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ಧೂಳು, ಕಿಸೆಯ ಹತ್ತಿ ಎಲ್ಲ ಅಲ್ಲಿ ಗಟ್ಟಿಯಾಗಿ ಕೂತು ಕೇಬಲನ್ನು ಪೂರ್ತಿ ಒಳಗೆ ಬಿಡುವುದಿಲ್ಲ. ಫೋನ್ ಆರಿಸಿ, ಕಟ್ಟಿಗೆಯ ಹಲ್ಲುಕಡ್ಡಿಯಿಂದ ಬದಿಗಳಿಂದ ಮೆಲ್ಲಗೆ ಕೆರೆದು ತೆಗೆಯಿರಿ. ಸೂಜಿ, ಪಿನ್ನು ಬೇಡ. ನಡುವಿನ ನಾಲಿಗೆಯ ಚಿನ್ನದ ಬಣ್ಣದ ಪಟ್ಟಿಗಳು ಬಾಗಿದರೆ ಶಾರ್ಟ್ ಆಗುತ್ತದೆ. ಊದಬೇಡಿ, ಉಗುಳಿನ ತೇವ ಹೋಗುತ್ತದೆ.

ಇಷ್ಟಾದ ಮೇಲೆ ಟೈಪ್-ಸಿ ಕೇಬಲನ್ನು ಒಮ್ಮೆ ಹಾಕಿ, ತೆಗೆದು, ತಿರುವಿ ಹಾಕಿ. ಒಂದು ಮಗ್ಗುಲಲ್ಲಿ ಮಾತ್ರ ಚಾರ್ಜ್ ಆದರೆ ಪಿನ್ನಿನ ಒಂದು ಬದಿಯ ಬೆಸುಗೆ ಕೂತಿಲ್ಲ, ಹಾಕಿದವರೇ ಮತ್ತೆ ಬೆಸೆಯಬೇಕು. ಎರಡೂ ಕಡೆ ಚಾರ್ಜ್ ಆಗುತ್ತದೆ, ಫಾಸ್ಟ್ ಚಾರ್ಜಿಂಗ್ ಎಂದು ಬರುವುದಿಲ್ಲ ಎಂದರೆ ಬದಲಿಸಿದ ಚಾರ್ಜಿಂಗ್ ಬೋರ್ಡ್, ಅಂದರೆ ಅಂಗಡಿಯವರು ಸಿಸಿ ಬೋರ್ಡ್ ಅನ್ನುವುದು, ಕಾಪಿಯದು. ಕಂಪನಿಗಳ ಸ್ವಂತ ಫಾಸ್ಟ್ ಚಾರ್ಜಿಂಗ್‌ಗೆ ಚಾರ್ಜರ್ ಮತ್ತು ಫೋನ್ ಒಂದರ ಜೊತೆ ಒಂದು ಮಾತಾಡಬೇಕು. ಆ ತಂತಿಗಳನ್ನೋ ಚಿಪ್ಪನ್ನೋ ಕಾಪಿ ಬೋರ್ಡಿನಲ್ಲಿ ಬಿಟ್ಟಿರುತ್ತಾರೆ. ಕಂಪ್ಯೂಟರಿಗೆ ಹಚ್ಚಿ ನೋಡಿ. ಫೋನಿನಲ್ಲಿ ಫೈಲ್ ಟ್ರಾನ್ಸ್‌ಫರ್ ಆರಿಸಿದರೂ ಫೋಟೊಗಳು ಕಾಣದೆ ಬರೀ ಚಾರ್ಜ್ ಆದರೆ ಡೇಟಾ ತಂತಿಯೂ ಸರಿಯಿಲ್ಲ. ಆದರೆ ಇದನ್ನು ಡೇಟಾ ಸಾಗಿಸುವ ಕೇಬಲಿನಲ್ಲೇ ಮಾಡಿ, ಎಷ್ಟೋ ಅಗ್ಗದ ಕೇಬಲುಗಳಲ್ಲಿ ಆ ತಂತಿಯೇ ಇರುವುದಿಲ್ಲ.

ಚಾರ್ಜಾಗುವಾಗ ಪಿನ್ನಿನ ಹತ್ತಿರ ಕೈ ಇಡಲಾಗದಷ್ಟು ಸುಟ್ಟರೆ, ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಕೂಡಲೆ ಮೇನ್ ಸ್ವಿಚ್ ಆರಿಸಿ, ಮತ್ತೊಮ್ಮೆ ಪರೀಕ್ಷಿಸಲು ಹೋಗಬೇಡಿ.

ಎದುರಿನವರಿಗೆ ದನಿ ಕೇಳುವುದಿಲ್ಲ

ಹೆಚ್ಚಿನ ಫೋನುಗಳಲ್ಲಿ ಎರಡು ಮೈಕ್. ಕೆಳಗಿನದು ಮಾಮೂಲಿ ಕರೆಗೆ, ಮೇಲಿನದು ಸದ್ದು ತಗ್ಗಿಸಲು. ಸ್ಪೀಕರ್‌ನಲ್ಲಿ ಮಾತಾಡುವಾಗಲೂ ವಿಡಿಯೊಗೂ ಮೇಲಿನದನ್ನು ಬಳಸುವ ಫೋನುಗಳು ಬಹಳ. ವಾಯ್ಸ್ ರೆಕಾರ್ಡರಿನಲ್ಲಿ ಮಾತಾಡಿ ಕೇಳಿ, ಆಮೇಲೆ ಒಂದು ಮಾಮೂಲಿ ಕರೆ, ಆಮೇಲೆ ಸ್ಪೀಕರ್ ಹಾಕಿ ಅದೇ ಕರೆ. ಸ್ಪೀಕರಿನಲ್ಲಿ ಕೇಳಿ ಮಾಮೂಲಿಯಲ್ಲಿ ಕೇಳದಿದ್ದರೆ ಕೆಳಗಿನ ಮೈಕ್. ಡಿಸ್‌ಪ್ಲೇ ಅಥವಾ ಸಿಸಿ ಬೋರ್ಡ್ ಹಾಕಿದ ಮೇಲೆ ಹೀಗಾದರೆ ಬಹುತೇಕ ಮೈಕಿನ ತೂತಿಗೆ ಅಂಟು ಹೋಗಿದೆ ಅಥವಾ ಹೊಸ ಸಿಸಿ ಬೋರ್ಡಿನ ಮೇಲೇ ಇರುವ ಮೈಕ್ ಕಳಪೆಯದು. ತೂತಿಗೆ ಸಿಮ್ ಪಿನ್ ಚುಚ್ಚಿ ನೋಡುವ ಆಸೆ ಬೇಡ, ಚಲೋ ಮೈಕೂ ಹರಿಯುತ್ತದೆ. ಸದ್ದು ಗೊರಗೊರ ಎನ್ನುವ ಸ್ಪೀಕರಿನದೂ ಇದೇ ಕಥೆ: ಜಾಲರಿಯಲ್ಲಿ ಅಂಟು ಅಥವಾ ಕಬ್ಬಿಣದ ಪುಡಿ.

ನೆಟ್‌ವರ್ಕ್ ಒಂದೇ ಕಡ್ಡಿ

ಸಿಮ್ ಅನ್ನು ಇನ್ನೊಂದು ಫೋನಿಗೆ ಹಾಕಿ, ಅದೇ ಜಾಗದಲ್ಲಿ ನಿಂತು ನೋಡಿ. ಕಡ್ಡಿ ಎಣಿಸಬೇಡಿ, ಒಂದೊಂದು ಕಂಪನಿ ಒಂದೊಂದು ಥರ ತೋರಿಸುತ್ತದೆ. ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಒಳಗೆ ಸಿಗ್ನಲ್ ಶಕ್ತಿ ಡಿಬಿಎಂ ಎಂಬ ಅಳತೆಯಲ್ಲಿ ಇರುತ್ತದೆ. 4ಜಿಯಲ್ಲಿ ಮೈನಸ್ 85 ಎಂದರೆ ಚಲೋ, ಮೈನಸ್ 115 ಎಂದರೆ ಕಷ್ಟ. ಎರಡೂ ಫೋನು ಒಂದೇ 4ಜಿಯಲ್ಲಿದ್ದು, ಅಂತರ 15–20ಕ್ಕಿಂತ ಹೆಚ್ಚಿದ್ದರೆ ನಿಮ್ಮ ಫೋನಿನ ಆಂಟೆನಾ ಸರಿ ಕೂತಿಲ್ಲ. ಮೇಲಿನ ಬೋರ್ಡಿನಿಂದ ಕೆಳಗಿನ ಸಿಸಿ ಬೋರ್ಡಿಗೆ ಹೋಗುವ ತೆಳ್ಳಗಿನ ಆಂಟೆನಾ ತಂತಿಯ ತುದಿಯ ಗುಂಡಿ ಬ್ಯಾಟರಿ ತೆಗೆಯುವಾಗ ಬಿಚ್ಚಿರುತ್ತದೆ, ಯಾರೂ ಮತ್ತೆ ಒತ್ತಿರುವುದಿಲ್ಲ. ವೈಫೈ ರೂಟರಿನ ಪಕ್ಕದಲ್ಲಿದ್ದಾಗ ಮಾತ್ರ ಸಿಕ್ಕರೆ ಅದು ಬೇರೆ ಆಂಟೆನಾ: ಹಿಂಬದಿಯ ಚೌಕಟ್ಟಿಗೆ ತಾಗಬೇಕಾದ ಪುಟ್ಟ ಸ್ಪ್ರಿಂಗ್ ಬಾಗಿದೆ, ಅಥವಾ ಒಂದು ಸ್ಕ್ರೂ ಬಿಟ್ಟಿದ್ದಾರೆ.

*#06# ಒತ್ತಿದಾಗ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬರದಿದ್ದರೆ ಅಥವಾ ಸೊನ್ನೆಗಳು ಬಂದರೆ ವಿಷಯ ಆಂಟೆನಾದ್ದಲ್ಲ. ತಪ್ಪು ಸಾಫ್ಟ್‌ವೇರ್ ಹೊಡೆದಿದ್ದಾರೆ, ಅಂದರೆ ಹೊಸದಾಗಿ ತುಂಬಿಸಿದ್ದಾರೆ, ಅಥವಾ ನೆಟ್‌ವರ್ಕ್ ಭಾಗದ ಐಸಿ (ಚಿಪ್) ಹೋಗಿದೆ. “ಐಎಂಇಐ ಬರೆದು ಕೊಡ್ತೀವ್ರಿ” ಎಂದರೆ ಒಪ್ಪಬೇಡಿ. ಫೋನಿನ ಗುರುತಿನ ಸಂಖ್ಯೆ ತಿದ್ದುವುದು 2023ರ ದೂರಸಂಪರ್ಕ ಕಾಯ್ದೆಯಲ್ಲಿ ಅಪರಾಧ: ಮೂರು ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ.

“ಬೋರ್ಡ್ ಹೋಗೇತ್ರಿ”

ಬರೀ ಚಾರ್ಜಿಂಗ್‌ಗೆ ಕೊಟ್ಟ ಫೋನು ಸತ್ತೇಹೋಗಿ ಬಂದರೆ ಮೊದಲು ಅದು ನಿಜವಾಗಿ ಸತ್ತಿದೆಯೇ ನೋಡಿ. ಚಾರ್ಜಿಗೆ ಅರ್ಧ ಗಂಟೆ ಹಚ್ಚಿ, ಪವರ್ ಮತ್ತು ವಾಲ್ಯೂಮ್ ಕೆಳಗಿನ ಗುಂಡಿಯನ್ನು 20 ಸೆಕೆಂಡ್ ಒಟ್ಟಿಗೆ ಒತ್ತಿ. ಸಿಮ್ ಹಾಕಿ ಬೇರೆ ಫೋನಿನಿಂದ ಕರೆ ಮಾಡಿ. ರಿಂಗ್ ಆದರೆ, ಗುರ್ ಎಂದು ನಡುಗಿದರೆ ಬೋರ್ಡ್ ಬದುಕಿದೆ, ಹೋಗಿರುವುದು ಡಿಸ್‌ಪ್ಲೇ ಅಥವಾ ಅದರ ಕನೆಕ್ಟರ್.

ಸದ್ದಿಲ್ಲವೆಂದಾದರೆ ಅಂಗಡಿಯಲ್ಲಿ ಒಂದು ಮಾತು ಕೇಳಿ: “ಅಣ್ಣಾ, ಸಪ್ಲೈಗೆ ಹಚ್ಚಿ ಮೀಟರ್ ತೋರಸ್ರಿ.” ಬೋರ್ಡ್ ಕೆಲಸ ಮಾಡುವವರ ಬಳಿ ಡಿಸಿ ಪವರ್ ಸಪ್ಲೈ ಇದ್ದೇ ಇರುತ್ತದೆ. ಬ್ಯಾಟರಿ ಬದಲು 4 ವೋಲ್ಟಿನ ಆಸುಪಾಸು ಕೊಟ್ಟಾಗ, ಪವರ್ ಗುಂಡಿ ಒತ್ತುವ ಮೊದಲು ಕರೆಂಟ್ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಒತ್ತದೆಯೇ ಅಂಕಿ ಏರಿ ನಿಂತರೆ ಮುಖ್ಯ ಲೈನಿನಲ್ಲಿ ಶಾರ್ಟ್ ಇದೆ. ಅದು ಎಷ್ಟೋ ಸಲ ಒಂದು ಕೆಪಾಸಿಟರಿನದು, ಬೋರ್ಡೇ ಬದಲಿಸಬೇಕಿಲ್ಲ. ಒತ್ತಿದ ಮೇಲೆ ಅಂಕಿ ಏರುತ್ತ ಇಳಿಯುತ್ತ ಕುಣಿದರೆ ಫೋನ್ ಶುರುವಾಗುತ್ತಿದೆ, ಪರದೆ ಮಾತ್ರ ಇಲ್ಲ. ಒತ್ತಿದರೂ ಅಲುಗದಿದ್ದರೆ ಗುಂಡಿ, ಅದರ ಫ್ಲೆಕ್ಸ್ ಅಥವಾ ಪವರ್ ಐಸಿ. ಮೀಟರ್ ತೋರಿಸಲು ಸಿಡಿಮಿಡಿ ಮಾಡುವ ಅಂಗಡಿಯ ತೀರ್ಪನ್ನು ಪೂರ್ತಿ ನಂಬಬೇಕಿಲ್ಲ.

ರಿಪೇರಿಯಿಂದಲೇ ಬೋರ್ಡ್ ಸಾಯುವ ದಾರಿಗಳು ಗೊತ್ತಿರಲಿ. ಬ್ಯಾಟರಿ ಕನೆಕ್ಟರ್ ತೆಗೆಯದೆ ಡಿಸ್‌ಪ್ಲೇ ಎಳೆದರೆ ಬೆಳಕಿನ ಸರ್ಕ್ಯೂಟ್ ಸುಡುತ್ತದೆ. ಸಣ್ಣ ಸ್ಕ್ರೂ ಜಾಗದಲ್ಲಿ ಉದ್ದ ಸ್ಕ್ರೂ ತಿರುವಿದರೆ ಅದರ ತುದಿ ಬೋರ್ಡಿನ ಒಳಪದರದ ದಾರಿಗಳನ್ನೇ ಕತ್ತರಿಸುತ್ತದೆ, ಇದನ್ನು ಸರಿಪಡಿಸುವುದು ಬಹಳ ಕಷ್ಟ. ಇನ್ನೊಂದು ಕಡೆ, ಮಳೆಗಾಲದಲ್ಲಿ ನೆನೆದ ಫೋನು ತಂದಿದ್ದರೆ ತಪ್ಪನ್ನು ಅಂಗಡಿಯವರ ಮೇಲೆ ಹಾಕುವಂತಿಲ್ಲ. ಸಿಮ್ ಟ್ರೇ ತೆಗೆದು ಟಾರ್ಚ್ ಹಾಕಿ ನೋಡಿ. ಹಲವು ಮಾದರಿಗಳಲ್ಲಿ ಅಲ್ಲೊಂದು ಬಿಳಿ ಚುಕ್ಕೆ ಇರುತ್ತದೆ, ನೀರು ತಾಗಿದರೆ ಕೆಂಪಾಗುತ್ತದೆ. ಒಮ್ಮೆ ಬಿಚ್ಚಿದ ಫೋನಿಗೆ ಡಬ್ಬಿಯ ಮೇಲಿನ ಜಲನಿರೋಧಕ ಭರವಸೆ ಉಳಿಯುವುದಿಲ್ಲ ಎಂಬುದನ್ನೂ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮರೆಯಬಾರದು.

ಫೋಟೊಗಳು ಬೇಕಿದ್ದರೆ ಸಾಫ್ಟ್‌ವೇರ್ ಹೊಡೆಯಲು ಬಿಡಬೇಡಿ. ಈಗಿನ ಫೋನುಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿರುತ್ತದೆ, ಕೀಲಿ ಅದೇ ಬೋರ್ಡಿನ ಪ್ರೊಸೆಸರಿನಲ್ಲಿ. ಮೆಮೊರಿ ಚಿಪ್ ಕಿತ್ತು ಬೇರೆಡೆ ಹಾಕಿ ಓದುವುದು ಆಗುವುದಿಲ್ಲ; ಅದೇ ಬೋರ್ಡ್ ಒಮ್ಮೆಯಾದರೂ ಎದ್ದು ನಿಲ್ಲಬೇಕು.

ಒಳಗಿನದು ಬದಲಾಗಿದೆಯೆಂಬ ಅನುಮಾನ

ಹಾವೇರಿ, ರಾಣೆಬೆನ್ನೂರು, ಗದಗಿನ ಅಂಗಡಿಯವರು ಬೋರ್ಡ್ ಕೆಲಸವನ್ನು ತಾವು ಮಾಡದೆ ಹುಬ್ಬಳ್ಳಿಗೆ ಕಳಿಸುವುದುಂಟು. ಫೋನು ಮೂರ್ನಾಲ್ಕು ಕೈ ದಾಟುತ್ತದೆ, ನಿಮ್ಮ ಅಂಗಡಿಯವರಿಗೇ ಒಳಗೆ ಏನಾಯಿತೆಂದು ಗೊತ್ತಿರುವುದಿಲ್ಲ. ಹಾಗಾಗಿ ಕೇಳುವಾಗ ಆರೋಪದ ದನಿ ಬೇಡ.

*#06# ಒತ್ತಿ ಬರುವ 15 ಅಂಕಿಯನ್ನು ಡಬ್ಬಿಯ ಮೇಲಿನದಕ್ಕೆ, ಖರೀದಿ ಬಿಲ್ಲಿಗೆ ಹೋಲಿಸಿ. ಬೇರೆಯಾಗಿದ್ದರೆ ಬೋರ್ಡೇ ಬೇರೆ. ಇದು ಬರೀ ಪಾರ್ಟಿನ ತಕರಾರಲ್ಲ: ಕಳವಾದ ಫೋನಿನ ಬೋರ್ಡ್ ಆಗಿದ್ದರೆ ಅದರ ಮಾಲೀಕರು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ತಡೆ ಹಾಕಿಸಿದ ದಿನ ನಿಮ್ಮ ಫೋನ್ ನಿಲ್ಲುತ್ತದೆ, ಪೊಲೀಸರು ಹುಡುಕಿಕೊಂಡು ಬರುವುದೂ ನಿಮ್ಮನ್ನೇ. ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಒಂದು ಜಾಗ ಬಿಟ್ಟು ಐಎಂಇಐ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ ಆ ಸಂಖ್ಯೆಯ ಸ್ಥಿತಿ ತಿಳಿಯುತ್ತದೆ. ತಡೆಯಾದದ್ದು ಎಂದು ಬಂದರೆ ಫೋನ್ ಬಳಸಬೇಡಿ, ಮಾರಬೇಡಿ, ಬಿಲ್ ಸಮೇತ ಠಾಣೆಗೆ ಹೋಗಿ.

ಸ್ಟೋರೇಜ್ 128 ಇದ್ದದ್ದು 64 ಆಗಿದೆಯೇ, ಕ್ಯಾಮೆರಾದ ಫೋಟೊ ಹಳೆಯದರ ಜೊತೆ ಹೋಲಿಸಿದರೆ ಮಸುಕೇ ಎಂದೂ ನೋಡಿ. ಫೋಟೊ ಮಸುಕಾಗಿದ್ದರೆ ಮೊದಲು ಲೆನ್ಸಿನ ಹೊರಗಾಜು ಒರೆಸಿ, ಒಳಗಡೆ ಬೆರಳಚ್ಚೋ ಧೂಳೋ ಕೂತಿರುವುದೇ ಹೆಚ್ಚು. ಕ್ಯಾಮೆರಾ ಬದಲಿಸಿ ಕದಿಯುವುದು ಜನ ಅಂದುಕೊಂಡಷ್ಟು ನಡೆಯುವುದಿಲ್ಲ.

ಕೊಡುವಾಗಲೇ ಚೀಟಿಯ ಮೇಲೆ ಐಎಂಇಐನ ಕೊನೆಯ ಆರು ಅಂಕಿ, ಈಗಿನ ದೋಷ, ಕೆಲಸ ಮಾಡುತ್ತಿರುವ ಭಾಗಗಳು, ಹಾಕುವ ಪಾರ್ಟ್ ಒರಿಜಿನಲ್ಲೋ ಕಾಪಿಯೋ, ಗ್ಯಾರಂಟಿ ಎಷ್ಟು ದಿನ ಎಂದು ಬರೆಸಿದ್ದರೆ ಈ ಅನುಮಾನದ ಮುಕ್ಕಾಲು ಪಾಲು ಹುಟ್ಟುವುದೇ ಇಲ್ಲ. “ಹಳೇ ಪಾರ್ಟ್ ನನಗ ವಾಪಸ್ ಬೇಕ್ರಿ” ಎಂದು ಮೊದಲೇ ಹೇಳಿ; ಉಬ್ಬಿದ ಬ್ಯಾಟರಿಯೊಂದನ್ನು ಬಿಟ್ಟು.

ಫೋನ್ ಕೊಟ್ಟು ಬಂದ ಮೇಲೆ ಖಾತೆಯಲ್ಲಿ ಏನೋ ನಡೆಯುತ್ತಿದೆ

ನೀವು ಕೇಳದ ಒಟಿಪಿ ಬರುವುದು, ವಾಟ್ಸ್‌ಆ್ಯಪ್‌ನಲ್ಲಿ ಓದದ ಸಂದೇಶ ಓದಿದಂತೆ ಕಾಣುವುದು, ಗೊತ್ತಿಲ್ಲದ ಆ್ಯಪ್ ಇರುವುದು ಇದರ ಲಕ್ಷಣ. ವಾಟ್ಸ್‌ಆ್ಯಪ್‌ನ ಲಿಂಕ್ಡ್ ಡಿವೈಸಸ್ ತೆರೆದು ಗುರುತಿಲ್ಲದ್ದನ್ನು ತೆಗೆದುಹಾಕಿ. ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ಯಾವ ಯಾವ ಸಾಧನದಲ್ಲಿ ಲಾಗಿನ್ ಆಗಿದೆ ನೋಡಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಸೇರಿಸಿದ ಬೆರಳಚ್ಚುಗಳನ್ನು ಎಣಿಸಿ, ಆ್ಯಕ್ಸೆಸಿಬಿಲಿಟಿ ಮತ್ತು ಡಿವೈಸ್ ಅಡ್ಮಿನ್ ಅನುಮತಿ ಯಾವ ಆ್ಯಪ್‌ಗೆ ಇದೆ ನೋಡಿ, ಕರೆ ಸೆಟ್ಟಿಂಗ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಬೇರೆ ನಂಬರಿಗೆ ಹೋಗಿದೆಯೇ ನೋಡಿ. ಅನುಮಾನ ಗಟ್ಟಿಯಾದರೆ ಪಾಸ್‌ವರ್ಡ್ ಬದಲಿಸುವ ಕೆಲಸವನ್ನು ಬೇರೆ ಫೋನಿನಿಂದ ಮಾಡಿ, ಆಮೇಲೆ ಈ ಫೋನನ್ನು ಪೂರ್ತಿ ರೀಸೆಟ್ ಮಾಡಿ. ಆದರೆ ದೂರು ಕೊಡುವ ಇರಾದೆ ಇದ್ದರೆ ಸ್ಕ್ರೀನ್‌ಶಾಟ್ ತೆಗೆಯದೆ ರೀಸೆಟ್ ಮಾಡಬೇಡಿ. ರೊಕ್ಕ ಹೋಗಿದ್ದರೆ ಒಂದು ನಿಮಿಷವೂ ಕಾಯದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆ ರೊಕ್ಕ ಮುಂದಿನ ಖಾತೆಗೆ ಹೋಗುವ ಮೊದಲು ತಡೆಯಲು ಸಾಧ್ಯವಿರುವುದು ಮೊದಲ ತಾಸುಗಳಲ್ಲಿ ಮಾತ್ರ.

ಡಿಸ್‌ಪ್ಲೇ ಪರೀಕ್ಷೆಗೆ ಲಾಕ್ ತೆಗೆಯುವ ಅಗತ್ಯ ಬಹಳ ಸಲ ಇರುವುದಿಲ್ಲ. ಕೊಡಲೇಬೇಕಾದರೆ ಸ್ಯಾಮ್‌ಸಂಗ್‌ನ ಹೊಸ ಮಾದರಿಗಳಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರ್ ಮೋಡ್ ಇದೆ, ಫೋಟೊ ಮತ್ತು ಸಂದೇಶಗಳನ್ನು ಮರೆಮಾಡಿ ಕೊಡಬಹುದು. ಸಿಮ್ ಮತ್ತು ಮೆಮೊರಿ ಕಾರ್ಡ್ ಮಾತ್ರ ಯಾವತ್ತೂ ಜೊತೆಗೆ ಕೊಡಬೇಡಿ.

ಅಂಗಡಿಯವರು ಕೇಳುತ್ತಿಲ್ಲ

ವಿಡಿಯೊ, ಚೀಟಿ, ಬಿಲ್ಲು ಇಟ್ಟುಕೊಂಡು ಗಿರಾಕಿ ಕಡಿಮೆ ಇರುವ ಮಧ್ಯಾಹ್ನದ ಹೊತ್ತು ಹೋಗಿ. ಸಂಜೆ ಏಳಕ್ಕೆ ಹೋಗಿ ಹತ್ತು ಜನರ ಮುಂದೆ ಕೂಗಾಡಿದರೆ ಯಾರೂ ತಪ್ಪು ಒಪ್ಪುವುದಿಲ್ಲ. “ನಾಳೆ ಬರ್ರಿ” ಎಂದು ಎರಡು ಸಲ ಆದ ಮೇಲೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ: ಯಾವ ದಿನ ಕೊಟ್ಟಿರಿ, ಎಷ್ಟು ರೊಕ್ಕ, ಈಗಿನ ದೋಷ ಏನು, ನಿಮಗೇನು ಬೇಕು, ಎಷ್ಟು ದಿನದೊಳಗೆ. ಬಿಲ್ಲು ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿ. ನ್ಯೂನತೆಯ ಸೇವೆಗೆ ಹಣ ಹಿಂದಿರುಗಿಸಲು ಬಿಲ್ಲಿನಲ್ಲಿ ಹೇಳಿದ ಅವಧಿ, ಹೇಳಿಲ್ಲದಿದ್ದರೆ 30 ದಿನ ಎಂದೂ ಅಲ್ಲೇ ಇದೆ. “ರಿಪೇರಿಗೆ ಗ್ಯಾರಂಟಿ ಇಲ್ಲ” ಎಂದು ಗೋಡೆಗೆ ಚೀಟಿ ಅಂಟಿಸಿದ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ.

ಆಗಲೂ ಆಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಅದು ರಾಜಿಯ ದಾರಿ, ಆದೇಶ ಮಾಡುವ ಅಧಿಕಾರ ಅದಕ್ಕಿಲ್ಲ. ಆದೇಶ ಬೇಕಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ, ದೋಷ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಹಾಕಬೇಕು, ಆನ್‌ಲೈನಿನಲ್ಲಿ ಇ-ಜಾಗೃತಿ ತಾಣದ ಮೂಲಕವೂ ಆಗುತ್ತದೆ. ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು, ಅಂದರೆ ಹುಬ್ಬಳ್ಳಿಯಲ್ಲಿ ಕೆಟ್ಟ ಫೋನಿಗೆ ಗದಗಿನವರು ಗದಗಿನಲ್ಲೇ ದೂರು ಕೊಡಬಹುದು. ಎರಡು ಸಾವಿರದ ಡಿಸ್‌ಪ್ಲೇಗೆ ಆಯೋಗದವರೆಗೆ ಹೋಗುವುದು ಲಾಭವೋ ಎಂಬುದು ನಿಮ್ಮ ಲೆಕ್ಕ. ಹೋಗುವುದಾದರೆ ಬೇರೆ ಅಂಗಡಿಯಲ್ಲಿ ಬಿಚ್ಚಿಸುವ ಬದಲು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ತಪಾಸಣೆ ಮಾಡಿಸಿ, ಹಾಕಿರುವ ಪಾರ್ಟ್ ಅಸಲಿಯಲ್ಲದಿದ್ದರೆ ಅದನ್ನು ಜಾಬ್ ಶೀಟಿನ, ಅಂದರೆ ಅವರು ಕೊಡುವ ಕೆಲಸದ ಚೀಟಿಯ, ಮೇಲೆ ಬರೆಸಿಕೊಳ್ಳಿ. ತಪಾಸಣೆಗೆ ಕೊಟ್ಟ ರೊಕ್ಕದ ರಸೀದಿಯನ್ನೂ ಅದರ ಜೊತೆ ಲಗತ್ತಿಸಿ, ಆ ಮೊತ್ತವನ್ನೂ ಪರಿಹಾರದಲ್ಲಿ ಕೇಳಬಹುದು.